ಮಗನ ಬಲಗಣ್ಣಿಗೆ ಸಿ3ಆರ್ ಮಾಡಿಸಿದ ಅನುಭವ

ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಮಗನಿಗೆ ಸಿ3ಆರ್, ಅಂದರೆ ಕಾರ್ನಿಯಾವನ್ನು (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಗಟ್ಟಿ ಮಾಡುವ ಚಿಕಿತ್ಸೆ, ಮಾಡಿಸಿ ಏಳು ತಿಂಗಳಾಯ್ತು. ಕೆರಟೋಕೋನಸ್ (ಆ ಪೊರೆ ತೆಳ್ಳಗಾಗಿ ಉಬ್ಬುವ ಕಾಯಿಲೆ) ಅನ್ನೋ ಹೆಸರು ಕೇಳಿ ಗಾಬರಿಯಾಗಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅವನಿಗೆ 17 ವರ್ಷ. ಧೂಳಿನ ಅಲರ್ಜಿ, ಯಾವಾಗಲೂ ಕಣ್ಣು ಉಜ್ಜುತ್ತಿದ್ದ. ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಯ್ತು. ಸಿಲಿಂಡರ್ ಪವರ್ (ಕಾರ್ನಿಯಾದ ಆಕಾರ ಸಮವಿಲ್ಲದ್ದಕ್ಕೆ ಕೊಡುವ ಪವರ್) ಏರುತ್ತಲೇ ಇತ್ತು. ಅಂಗಡಿಯವರು ಪ್ರತಿ ಸಲ ಹೊಸ ಗ್ಲಾಸ್ ಹಾಕಿಕೊಟ್ಟರು, ಡಾಕ್ಟರಿಗೆ ತೋರಿಸಿ ಅನ್ನಲಿಲ್ಲ. ಆ ಸಂಕಟ ಇನ್ನೂ ಇದೆ.

ಆಸ್ಪತ್ರೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಡಾಕ್ಟರಮ್ಮ ವಿವರಿಸಿದ ರೀತಿ. ಕಾರ್ನಿಯಾದ ಗಟ್ಟಿತನವೆಲ್ಲ ಕೊಲಾಜನ್ ಅನ್ನೋ ಪ್ರೋಟೀನಿನ ಎಳೆಗಳದ್ದು. ಆ ಎಳೆಗಳ ಹಿಡಿತ ಸಡಿಲವಾದರೆ ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಉಬ್ಬುತ್ತದೆ. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ ಹನಿ ಹಾಕಿ ಯುವಿ-ಎ (ಅತಿನೇರಳೆ) ಬೆಳಕು ಬಿಟ್ಟರೆ ಎಳೆಗಳ ನಡುವೆ ಹೊಸ ಬೆಸುಗೆ ಕೂಡುತ್ತದೆ. "ಯುವಿ ಕಣ್ಣಿಗೆ ಕೆಟ್ಟದ್ದಲ್ವಾ ಮೇಡಂ?" ಅಂತ ಕೇಳಿಯೇಬಿಟ್ಟೆ. ಆ ಹಳದಿ ಹನಿಯೇ ಬೆಳಕನ್ನು ಹೀರಿಕೊಂಡು ಒಳಗೆ ಜಾಸ್ತಿ ಇಳಿಯದಂತೆ ತಡೆಯುತ್ತದಂತೆ. ಹಾಗೆ ತಡೆಯುವಷ್ಟು ದಪ್ಪ ಕಾರ್ನಿಯಾಕ್ಕೆ ಇರಬೇಕಲ್ಲ, ಅದಕ್ಕೇ ಅದರ ಮೇಲ್ಪೊರೆ ತೆಗೆದ ಮೇಲೂ ಸಾಮಾನ್ಯವಾಗಿ 400 ಮೈಕ್ರಾನ್ (0.4 ಮಿ.ಮೀ.) ದಪ್ಪ ಉಳಿದಿರಬೇಕು. ಇವನದು 438 ಇತ್ತು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಬೆಳೆದ ಈ ವಿಧಾನದಲ್ಲಿ ಅರ್ಧ ಗಂಟೆ ಹನಿ, ಆಮೇಲೆ ಅರ್ಧ ಗಂಟೆ ಬೆಳಕು. ಬೇಗ ಮುಗಿಸುವ ವಿಧಾನವೂ ಇದೆ, ಇವನಿಗೆ ಹಳೆಯದನ್ನೇ ಮಾಡಿದರು. ಬೆಳಕಿನಡಿ ಮಲಗಿದ್ದಾಗ ನರ್ಸ್ ಒಬ್ಬರು ಪಕ್ಕದಲ್ಲೇ ನಿಂತು "ಇನ್ನು ಹತ್ತೇ ನಿಮಿಷ ಕಣಪ್ಪಾ" ಅನ್ನುತ್ತಿದ್ದರಂತೆ. ಅವನು ಇವತ್ತಿಗೂ ಅವರನ್ನು ನೆನೆಯುತ್ತಾನೆ.

ದೂರು ಒಂದೇ. "ಸ್ವಲ್ಪ ಉರಿ ಇರುತ್ತೆ" ಅಂದಿದ್ದರು. ಸ್ವಲ್ಪ ಅಲ್ಲ. ಅದೇ ಸಂಜೆ ಬಸ್ಸಿನಲ್ಲಿ ತುಮಕೂರಿಗೆ ಹೊರಟೆವು. ಎದುರು ಬರುವ ಗಾಡಿಗಳ ಹೆಡ್‌ಲೈಟ್ ಬಿದ್ದಾಗಲೆಲ್ಲ ಮುಖ ಮುಚ್ಚಿಕೊಂಡು ನರಳಿದ. ಎರಡು ರಾತ್ರಿ ನಿದ್ದೆಯಿಲ್ಲ. ಬೆಂಗಳೂರಲ್ಲೇ ಉಳಿದುಕೊಳ್ಳಿ ಅಂತ ಮೊದಲೇ ಹೇಳಿದ್ದರೆ ನನ್ನ ತಂಗಿ ಮನೆಯಲ್ಲೇ ಇರುತ್ತಿದ್ದೆವು. ಐದನೇ ದಿನ, ಗಾಯ ಮುಚ್ಚಲು ಕಣ್ಣಿಗೆ ಹಾಕಿದ್ದ ಬ್ಯಾಂಡೇಜ್ ಲೆನ್ಸ್ ತೆಗೆದ ಮೇಲೆ ಹಾಯಾಯ್ತು. ಮಂಜು ಮಂಜಾಗಿ ಕಾಣುವುದು ಮಾತ್ರ ಒಂದೂವರೆ ತಿಂಗಳು ಇತ್ತು.

ಕನ್ನಡಕ ಹೋಗಲಿಲ್ಲ. ಇದು ಉಬ್ಬು ಬೆಳೆಯದಂತೆ ನಿಲ್ಲಿಸುವುದಕ್ಕೆ, ಪವರ್ ತೆಗೆಯುವುದಕ್ಕಲ್ಲ ಅಂತ ಸಹಿ ಹಾಕಿಸುವ ಮುಂಚೆಯೇ ಎರಡು ಸಲ ಹೇಳಿದ್ದರು. ಆರು ತಿಂಗಳ ಸ್ಕ್ಯಾನಿನಲ್ಲಿ ಉಬ್ಬು ಹಾಗೇ ಇದೆ, ಬೆಳೆದಿಲ್ಲ. ಎಡಗಣ್ಣಿಗೂ ಅಲ್ಲೇ ಮಾಡಿಸುತ್ತೇವೆ, ಪಿಯು ಪರೀಕ್ಷೆ ಮುಗಿದ ವಾರ. ಈ ಸಲ ತಂಗಿ ಮನೆಯಲ್ಲೇ ಒಂದು ವಾರ ಇರುತ್ತೇವೆ.