ಬಿದ್ದ ಮೇಲೆ ಕೂಗುವುದೋ, ಬೀಳುವ ಮೊದಲೇ ಕೂಗುವುದೋ: ಈಜುಕೊಳದ ನಾಲ್ಕು ಅಲಾರಂಗಳು

ನೀರಿನ ಮೇಲೆ ತೇಲುವುದು, ಕೊಳದ ಅಂಚಿಗೆ ಕೂರಿಸಿ ನೀರೊಳಗೆ ಕೊಳವೆ ಇಳಿಬಿಡುವುದು, ಮಗುವಿನ ಮಣಿಕಟ್ಟಿಗೆ ಕಟ್ಟುವುದು, ಬೇಲಿಯ ಗೇಟಿಗೆ ಹಾಕುವುದು. ಮಕ್ಕಳು ನೀರುಪಾಲಾಗದಂತೆ ಎಚ್ಚರಿಸುವ ಈ ನಾಲ್ಕು ಬಗೆಯ ಅಲಾರಂಗಳನ್ನೂ ಒಂದೇ ಕೊಳದಲ್ಲಿ ಬಳಸಿ ನೋಡಿದ್ದೇನೆ.

ತೇಲುವ ಅಲಾರಂ ಅಗ್ಗ, ಜೋಡಿಸುವ ಗೋಜಿಲ್ಲ. ಆದರೆ ಜೋರಾಗಿ ಗಾಳಿ ಬೀಸಿದರೂ ಕೂಗುತ್ತದೆ. ಸೂಕ್ಷ್ಮತೆ ತಗ್ಗಿಸಿದರೆ ಕೂಗಬೇಕಾದಾಗ ಸುಮ್ಮನಿರುತ್ತದೆ. ನಡುರಾತ್ರಿ ವಿನಾಕಾರಣ ಎಬ್ಬಿಸುವ ಯಂತ್ರವನ್ನು ಯಾರಾದರೂ ಆಫ್ ಮಾಡಿಯೇ ಮಾಡುತ್ತಾರೆ.

ನೀರೊಳಗಿನ ಕೊಳವೆಯದು ಒತ್ತಡದ ಅಲೆಯನ್ನು ಗ್ರಹಿಸುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2000ರಲ್ಲಿ ನಡೆಸಿದ ಪರೀಕ್ಷೆಯಲ್ಲೂ ಇದೇ ಬಗೆ ಹೆಚ್ಚು ಸ್ಥಿರವೆಂದು ಕಂಡುಬಂದಿತ್ತು. ಸುಮಾರು 8 ಕಿಲೋ ತೂಗುವಂತೆ ಮರಳು ತುಂಬಿದ ಕ್ಯಾನನ್ನು ಅಂಚಿನಿಂದ ತಳ್ಳಿದೆ. ಕೆಲವು ಸೆಕೆಂಡುಗಳಲ್ಲಿ ಕೂಗಿತು. ಅದೇ ಕ್ಯಾನನ್ನು ಮೆಟ್ಟಿಲ ಮೇಲೆ ಮೆಲ್ಲನೆ ಇಳಿಸಿದಾಗ ತುಟಿ ಬಿಚ್ಚಲಿಲ್ಲ. ಪುಟ್ಟ ಮಕ್ಕಳು ಧುಮುಕಿಯೇ ನೀರಿಗಿಳಿಯಬೇಕೆಂದೇನಿಲ್ಲ, ಮೆಟ್ಟಿಲು ಹಿಡಿದೂ ಇಳಿಯುತ್ತಾರೆ. ಹಾಗಾಗಿ ಈ ಮೌನ ನನಗೆ ಇಂದಿಗೂ ಹಿಡಿಸಿಲ್ಲ.

ಮಣಿಕಟ್ಟಿನದು ನೀರು ಸೋಕಿದೊಡನೆ ಕೂಗುತ್ತದೆ. ಕೈ ತೊಳೆದರೂ ಕೂಗುತ್ತದೆ! ಕಟ್ಟಿಸಿಕೊಳ್ಳದೆ ಓಡಿಹೋದ ಮಗುವಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಗೇಟಿನ ಅಲಾರಂ ಈ ಮೂರಕ್ಕಿಂತ ಬೇರೆ ಜಾತಿಯದು, ಗೇಟು ತೆರೆದೊಡನೆ ಕೂಗಿ, ಮಗು ನೀರು ಮುಟ್ಟುವ ಮೊದಲೇ ಎಚ್ಚರಿಸುತ್ತದೆ. ದೊಡ್ಡವರು ದಾಟಲು ಎತ್ತರದಲ್ಲೊಂದು ಗುಂಡಿ ಇರುತ್ತದೆ. ಅದು ಸ್ವಲ್ಪ ಹೊತ್ತು ಮಾತ್ರ ಸದ್ದಡಗಿಸಿ, ತಾನಾಗಿಯೇ ಮತ್ತೆ ಕಾವಲಿಗೆ ನಿಲ್ಲುವಂಥದ್ದಾಗಿರಬೇಕು. ನೀರೊಳಗಿನ ಅಲಾರಮ್ಮನ್ನು ಈಜುವಾಗ ಆರಿಸಲೇಬೇಕು, ಮತ್ತೆ ಹಾಕುವುದು ನಮ್ಮ ನೆನಪಿಗೆ ಬಿಟ್ಟದ್ದು ಎಂಬ ಮಾದರಿಗಳೂ ಇವೆ. ಅವು ಬೇಡ.

ಆದರೆ ಗೇಟು ಸರಿಯಿಲ್ಲದಿದ್ದರೆ ಅದರ ಅಲಾರಮ್ಮಿಗೂ ಬೆಲೆಯಿಲ್ಲ. ಅದೇ ಆಯೋಗದ ಸಲಹೆಯಂತೆ ಬೇಲಿ ಕನಿಷ್ಠ 4 ಅಡಿ ಎತ್ತರವಿರಬೇಕು, ಕಂಬಿಗಳ ನಡುವೆ 4 ಅಂಗುಲಕ್ಕಿಂತ ಹೆಚ್ಚು ಸಂದು ಇರಬಾರದು, ಗೇಟು ಕೊಳದಿಂದ ಹೊರಕ್ಕೆ ತೆರೆದು ತಾನೇ ಮುಚ್ಚಿ ಚಿಲಕ ಹಾಕಿಕೊಳ್ಳಬೇಕು. ನನ್ನ ಗೇಟನ್ನು ಪೂರ್ತಿ ತೆರೆದು ಬಿಟ್ಟರೆ ಚಿಲಕ ಟಪ್ಪೆಂದು ಬೀಳುತ್ತಿತ್ತು. ಒಂದು ಗೇಣಷ್ಟೇ ತೆರೆದು ಬಿಟ್ಟರೆ ಚಿಲಕದ ತುದಿಗೆ ತಾಗಿ ನಿಲ್ಲುತ್ತಿತ್ತು. ಕೀಲಿನ ಸ್ಪ್ರಿಂಗ್ ಬಿಗಿ ಮಾಡಿದ ಮೇಲೆ ಸರಿಹೋಯಿತು. ಬೇಲಿಗೆ ಒರಗಿಸಿದ ಕುರ್ಚಿ ಆ 4 ಅಡಿಯನ್ನು ಅಳಿಸಿಹಾಕುತ್ತದೆ, ಅದನ್ನೂ ಎತ್ತಿಡಬೇಕು. ಆಟ ಮುಗಿದ ಮೇಲೆ ಚೆಂಡು, ಆಟಿಕೆ ಬಾತುಕೋಳಿ ಯಾವುದೂ ನೀರಿನಲ್ಲಿ ಉಳಿಯಬಾರದು.

ಫ್ರಾನ್ಸಿನ 2003ರ ಕಾನೂನು ನೆಲದಲ್ಲಿ ಕಟ್ಟಿದ ಖಾಸಗಿ ಕೊಳಗಳಿಗೆ ಬೇಲಿ, ಅಲಾರಂ, ಹೊದಿಕೆ, ಮೇಲ್ಛಾವಣಿ ಇವುಗಳಲ್ಲಿ ಒಂದಾದರೂ ಇರಲೇಬೇಕು ಎನ್ನುತ್ತದೆ. ಕಾನೂನಿಗೆ ನಾಲ್ಕೂ ಸಮವಿರಬಹುದು. ನನ್ನ ಲೆಕ್ಕದಲ್ಲಿ ಬೇಲಿ ಮತ್ತು ಗೇಟಿನ ಅಲಾರಂ ಮೊದಲು, ನೀರೊಳಗಿನದು ಅದರ ಬೆನ್ನಿಗೆ. ತೇಲುವುದಕ್ಕೂ ಮಣಿಕಟ್ಟಿನದಕ್ಕೂ ಹಣ ಹಾಕುವುದಿಲ್ಲ.

ಕೊಳ್ಳುವಾಗ ಮನೆಯೊಳಗೆ ಇಡುವ ರಿಸೀವರ್ ಜೊತೆಗಿದೆಯೇ ಎಂದು ನೋಡಿ. ಕೊಳದ ಬಳಿ ಕಿವಿಗಡಚಿಕ್ಕುವ ಸದ್ದು, ಕಿಟಕಿ ಮುಚ್ಚಿ ಮಿಕ್ಸಿ ಹಾಕಿಕೊಂಡ ಅಡುಗೆಮನೆಯಲ್ಲಿ ನನಗೆ ಕೇಳಿಸಲೇ ಇಲ್ಲ.