ಆಪೂಸ್ ಪೇಟಿ: ಮೇಲೆ ದೇವಗಡ, ತಳದಲ್ಲಿ ಯಾವೂರು?

ಮುಂಬೈಯ ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಮೇಲಿನ ಸಾಲು ನೋಡಿ ಆಪೂಸ್ (ಅಲ್ಫಾನ್ಸೊ) ಮಾವಿನ ಪೇಟಿಗೆ ದುಡ್ಡು ಎಣಿಸಿದರೆ ಕೆಟ್ಟಿರಿ. ಹೇರಾಫೇರಿ ನಡೆಯುವುದು ತಳದಲ್ಲಿ. ಮೇಲೆ ಕೊಂಕಣದ ದೇವಗಡದ್ದು, ಹುಲ್ಲಿನ ಕೆಳಗೆ ಕರ್ನಾಟಕದ್ದು. ತಳಿ ಒಂದೇ, ಗಾತ್ರ ಒಂದೇ, ದರ ಮಾತ್ರ ಒಂದಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆಯ ಮಾಲು ನವಿ ಮುಂಬೈಯ ಸಗಟು ಮಾರುಕಟ್ಟೆ ವಾಶಿ ಎಪಿಎಂಸಿಗೆ ಜೋರಾಗಿ ಬರತೊಡಗಿದ ಮೇಲೆ ಈ ಆಟ ಹೆಚ್ಚು. ಅಲ್ಲಿ ಕೊಂಕಣದ್ದು ಪೇಟಿ-ಡಜನ್ ಲೆಕ್ಕ, ಕರ್ನಾಟಕದ್ದು ಕಿಲೋ ಲೆಕ್ಕ. ಆಪೂಸಿಗೆ 2018ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆ ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲ್ಘರ್ ಜಿಲ್ಲೆಗಳ ಹಣ್ಣಿಗಷ್ಟೇ. ಖೋಕಾದ (ಡಬ್ಬದ) ಮೇಲೆ 'ದೇವಗಡ' ಎಂದು ಅಚ್ಚಾಗಿದ್ದರೆ ಅದು ಖೋಕಾದ ಊರು, ಹಣ್ಣಿನದಲ್ಲ.

'ಭಾವೂ, ಖಾಲ್ಚಾ ಥರ್ ದಾಖ್ವಾ' ಅನ್ನಿ. ತಳದ ಸಾಲು ತೋರಿಸಲು ಒಪ್ಪದವನ ಹತ್ತಿರ ಚೌಕಾಸಿಯೂ ಬೇಡ. ತೋರಿಸಿದರೆ ಮೇಲಿನದೊಂದು, ಕೆಳಗಿನದೊಂದು ಪಕ್ಕಪಕ್ಕ ಇಟ್ಟು ತೊಟ್ಟಿನ ಬಳಿ ಮೂಸಿ, ಆಮೇಲೆ ಕೊಯ್ಯಿಸಿ. ದೇವಗಡದ ಸಿಪ್ಪೆ ತೆಳು, ತಿರುಳು ಕೇಸರಿ. ಇನ್ನೊಂದರ ಸಿಪ್ಪೆ ತುಸು ದಪ್ಪ, ತಿರುಳು ಹಳದಿಯತ್ತ. ಪೂರಾ ಹಳದಿಯಾಗಿದ್ದೂ ಗಟ್ಟಿಯಾಗಿದ್ದು, ವಾಸನೆಯೇ ಇಲ್ಲದಿದ್ದರೆ ಕಾರ್ಬೈಡ್ ಹಾಕಿ ಮಾಗಿಸಿದ ಅನುಮಾನ ಪಡಿ. ಅದು ನಿಷಿದ್ಧ, ಕಾನೂನು ಒಪ್ಪುವುದು ಎಥಿಲೀನ್ ಅನಿಲವನ್ನು.

ಕಾಯಿ ಪೇಟಿ ತಂದರೆ ಬಕೆಟ್ ನೀರಿಗೆ ಹಾಕಿ ನೋಡಿ. ಮುಳುಗಿದ್ದು ಬಲಿತದ್ದು. ತೇಲಿದ್ದು ಎಳಸು, ಹಣ್ಣಾಗುವ ಮೊದಲೇ ಸುಕ್ಕುಗಟ್ಟುತ್ತದೆ, ಉಪ್ಪಿನಕಾಯಿಗೆ ಬಿಡಿ. ಮುಳುಗಿದ್ದನ್ನು ಒರೆಸಿ ಒಣಗಿಸಿ, ಒಂದೇ ಸಾಲಾಗಿ ಹುಲ್ಲಿನಲ್ಲಿಟ್ಟರೆ ಸುಮಾರು 8-10 ದಿನಕ್ಕೆ ತಯಾರು. ಅಲ್ಲಿಯವರೆಗೆ ಫ್ರಿಜ್ ಬೇಡ, ತಣ್ಣಗೆ ಇಟ್ಟರೆ ಹಣ್ಣಾಗುವುದೇ ನಿಲ್ಲುತ್ತದೆ.

ಒಂದು ದೋಷಕ್ಕೆ ವ್ಯಾಪಾರಿಯನ್ನು ಬೈಯಬೇಡಿ: ಸಾಕಾ. ಹೊರಗೆ ಚಂದ, ಒಳಗೆ ವಾಟೆಯ ಸುತ್ತ ಬಿಳಿಚಿದ ಸ್ಪಂಜಿನಂಥ ಹುಳಿ ತಿರುಳು. ಕೊಯ್ಯುವವರೆಗೆ ಯಾರಿಗೂ ಗೊತ್ತಾಗದು. ಬದಲಿ ಹಣ್ಣು ಕೊಡುತ್ತೀರಾ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಇಡೀ ಪೇಟಿ ಬೇಕಾದವರಿಗೆ ವಾಶಿಯೇ ವಾಸಿ, ಬೆಳಿಗ್ಗೆ ಬೇಗ ಹೋಗಿ. ಪೇಟಿ ದೊಡ್ಡದಾದರೆ ಇಬ್ಬರು ಸೇರಿ ಹಂಚಿಕೊಳ್ಳಿ. ಒಂದೆರಡು ಡಜನ್‌ಗಾದರೆ ಹೋಗಿಬರುವ ಖರ್ಚೇ ಮೈಮೇಲೆ, ಪರಿಚಯದ ಬೀದಿ ಅಂಗಡಿಯೇ ಸಾಕು. ಇನ್ನು ಸೀಕರಣೆಗೆ ದೇವಗಡದ ದರ ತೆರುವುದು ದಂಡ. ಹಾಲು, ಬೆಲ್ಲ, ಏಲಕ್ಕಿ ಬಿದ್ದ ಮೇಲೆ ಯಾವೂರಿನದೆಂದು ಹೇಳುವ ನಾಲಿಗೆ ಅಪರೂಪ. ಅದಕ್ಕೆ ಧಾರವಾಡದ ಆಪೂಸನ್ನು ಅದರ ಹೆಸರು ಹಿಡಿದೇ, ಕಿಲೋ ದರದಲ್ಲೇ ಕೇಳಿ.