ಮುಳ್ಳು ಇಳಿದರೆ ಎಂಜಿನ್ ತಣ್ಣಗಾಯಿತು ಅಂತಲ್ಲ: ಹಳೆ ಕಾರಿಗೆ ಬೋರ್ ನೀರು ಹಾಕುವವರಿಗೆ

ಏಪ್ರಿಲ್ ಬಿಸಿಲು, ಜಕ್ಕನಹಳ್ಳಿ ದಾಟಿದ ಮೇಲಿನ ಮೇಲುಕೋಟೆ ಏರು, ಮುಂದೆ ಹುಲ್ಲು ಹೇರಿಕೊಂಡು ತೆವಳುವ ಟ್ರ್ಯಾಕ್ಟರ್. ಹಿಂದೆ ಹದಿನೈದು ವರ್ಷ ದಾಟಿದ ಒಂದು ಆಲ್ಟೋ, ಒಳಗೆ ಐದು ಜನ, ಎಸಿ ಚಾಲೂ. ಎಂಜಿನ್ ಬಿಸಿ ತೋರಿಸುವ ಹೀಟ್ ಮುಳ್ಳು ಮುಕ್ಕಾಲು ದಾಟಿತು. ಬದಿಗೆ ಹಾಕಿ ಹತ್ತು ನಿಮಿಷ ಕಾದು ಮತ್ತೆ ಹೊರಟರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ತಾನಾಗಿ ಕೆಳಗಿಳಿದು ತಳದಲ್ಲಿ ಕೂತಿತು. 'ಸದ್ಯ, ತಣ್ಣಗಾಯ್ತು' ಅಂತ ಎಸಿಯನ್ನೂ ಮತ್ತೆ ಹಾಕಿದರು. ಎಂಜಿನ್ ಎಳೆತ ಕಳೆದುಕೊಂಡು, ಟಕಟಕ ಬಡಿದು, ಆಫ್ ಆದದ್ದು ಅದಾದ ಮೇಲೆ. ಗಾಬರಿಯಲ್ಲಿ ಬಾನೆಟ್ ಎತ್ತಿ, ಅಂಗಡಿಯಿಂದ ತಂದ ಫ್ರಿಜ್ ನೀರನ್ನು ಹಾಗೇ ಎಂಜಿನ್ ಮೇಲೆ ಸುರಿದರು. ಗ್ಯಾರೇಜಿನಲ್ಲಿ ಬಿಚ್ಚಿದಾಗ ಹೆಡ್ (ಎಂಜಿನ್ನಿನ ಮೇಲ್ಭಾಗ) ಸೊಟ್ಟ, ಅದರಡಿ ಸೀಲಾಗಿ ಕೂರುವ ಗ್ಯಾಸ್ಕೆಟ್ ಎರಡು ಸಿಲಿಂಡರ್‌ಗಳ ನಡುವೆ ಸುಟ್ಟು ಕಿತ್ತುಹೋಗಿತ್ತು, ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಬದಲು ಹಾಲು ಹೆಚ್ಚಾದ ಕಾಫಿ, ಅಂದರೆ ನೀರು ಬೆರೆತ ಆಯಿಲ್.

ಹಾಳಾದದ್ದು ಆ ಏರಿನಲ್ಲಿ ಅಲ್ಲ. ಎರಡು ವರ್ಷದಿಂದ ಮಂಡ್ಯದ ಮನೆ ಅಂಗಳದಲ್ಲೇ, ಒಂದು ಚೊಂಬು ನೀರು, ಒಂದು ಚಮಚ ಅರಿಶಿನ ಅಂತ ಹಾಳಾಗುತ್ತಾ ಬಂದಿತ್ತು. ಒಂದೊಂದೂ 'ಏನೂ ಆಗಲ್ಲ ಬಿಡಣ್ಣ' ಅನ್ನಿಸುವ ಕೆಲಸವೇ.

ಮೊದಲು ಮುಳ್ಳಿನ ವಿಷಯ, ಯಾಕೆಂದರೆ ಎಂಜಿನ್ ಉಳಿಸಿಕೊಳ್ಳುವ ಕೊನೆಯ ಅವಕಾಶ ತಪ್ಪಿಹೋದದ್ದು ಅಲ್ಲಿ. ಟೆಂಪರೇಚರ್ ಸೆನ್ಸರ್ ಅಳೆಯುವುದು ಎಂಜಿನ್ನಿನ ಲೋಹವನ್ನಲ್ಲ, ತನ್ನ ತುದಿಗೆ ತಾಗುವ ನೀರನ್ನು. ನೀರು ಕುದಿದು ಹೊರಗೆ ಹೋಗಿ ಆ ಜಾಗದಲ್ಲಿ ಗಾಳಿಯೋ ಹಬೆಯೋ ನಿಂತರೆ ಸೆನ್ಸರ್‌ಗೆ ಶಾಖ ಸರಿಯಾಗಿ ಮುಟ್ಟುವುದಿಲ್ಲ, ಮುಳ್ಳು ಇಳಿಯುತ್ತದೆ. ರೇಡಿಯೇಟರ್ ಫ್ಯಾನನ್ನು ಶುರು ಮಾಡುವ ಸ್ವಿಚ್ಚಿನದೂ ಇದೇ ಕಥೆ, ನೀರು ತಾಗದಿದ್ದರೆ ಫ್ಯಾನ್ ತಿರುಗುವುದೇ ಇಲ್ಲ. ಹಾಗಾಗಿ ಏರು ಹತ್ತುವಾಗ, ಭಾರ ಇರುವಾಗ ಮೇಲೆ ಹೋಗಿದ್ದ ಮುಳ್ಳು ಕಾರಣವಿಲ್ಲದೆ ಸರ್ರನೆ ಇಳಿದರೆ ಸಂತೋಷಪಡಬೇಡಿ, ತಕ್ಷಣ ಬದಿಗೆ ನಿಲ್ಲಿಸಿ ಇಗ್ನಿಷನ್ ಆಫ್ ಮಾಡಿ. ಹೀಟರ್ ಇರುವ ಕಾರಾದರೆ ಇನ್ನೊಂದು ಸುಳಿವು ಸಿಗುತ್ತದೆ: ನಾಬ್ ಪೂರ್ತಿ ಬಿಸಿಗೆ ತಿರುಗಿಸಿದರೂ ತಣ್ಣನೆ ಗಾಳಿ ಬಂತೆಂದರೆ ಒಳಗೆ ನೀರು ಇಲ್ಲ ಎಂದೇ ಲೆಕ್ಕ.

ಈಗ ಬೋರ್ ನೀರು. ಸ್ನಾನದ ಹಂಡೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಸುಣ್ಣದ ಪದರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಎಂಜಿನ್ನಿನಲ್ಲಿ ಅದು ಕೂರುವುದು ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ, ಅಂದರೆ ಹೆಡ್ಡಿನೊಳಗೆ ಎಕ್ಸಾಸ್ಟ್ ವಾಲ್ವಿನ ಸುತ್ತ. ಸುಣ್ಣ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ, ನೀರು ಪಕ್ಕದಲ್ಲೇ ಹರಿಯುತ್ತಿದ್ದರೂ ಲೋಹ ಕಾಯುತ್ತಲೇ ಇರುತ್ತದೆ. ಉಳಿದದ್ದು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ. ನೀರಿನ ಕ್ಲೋರೈಡ್ ಅಲ್ಯೂಮಿನಿಯಮ್ಮನ್ನು ತಿಂದು ಸೂಜಿ ತೂತು ಮಾಡುತ್ತದೆ. ಮೈಸೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಬೋರ್‌ನಷ್ಟು ಗಡಸಲ್ಲ, ಆದರೂ ಅದು ಕೂಲೆಂಟ್ ಅಲ್ಲ.

ಕೂಲೆಂಟ್ ಅಂದರೆ ಚಳಿ ದೇಶದವರಿಗೆ ನೀರು ಹೆಪ್ಪುಗಟ್ಟದಿರಲು ಮಾಡಿದ್ದು, ನಮಗೆ ಬೇಡ ಅನ್ನುವ ಮಾತು ಬಹಳ ಕೇಳಿಬರುತ್ತದೆ. ಅರ್ಧ ಸತ್ಯ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ರೇಡಿಯೇಟರ್ ಮುಚ್ಚಳ ಸರಿಯಿದ್ದರೆ ಬರೀ ನೀರಿನ ಕುದಿಬಿಂದು 117ರ ಆಸುಪಾಸಿಗೆ ಏರುತ್ತದೆ, ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ (ಕೂಲೆಂಟ್‌ನ ಮುಖ್ಯ ದ್ರವ) ಇದ್ದರೆ 125ರ ಹತ್ತಿರ. ಈ ಅಂತರಕ್ಕಿಂತ ಮುಖ್ಯವಾದದ್ದು ಕೂಲೆಂಟ್‌ನಲ್ಲಿರುವ ತುಕ್ಕು ನಿರೋಧಕ. ಹೆಪ್ಪುಗಟ್ಟುವ ಭಯವೇ ಇಲ್ಲದ ಊರಿನಲ್ಲೂ ಕನಿಷ್ಠ 30% ಗ್ಲೈಕಾಲ್ ಇರಲಿ ಎಂದು ಸುಜುಕಿಯ ಸರ್ವಿಸ್ ಮ್ಯಾನುಯಲ್ಲೇ ಹೇಳುತ್ತದೆ, ತುಕ್ಕು ತಡೆಯಲು ಮತ್ತು ವಾಟರ್ ಪಂಪಿಗೆ ಜಾರುಗುಣ ಸಿಗಲು.

ಈ ಕಾರಿನಲ್ಲಿ ನೀರು ಕಡಿಮೆಯಾಗುತ್ತಿದ್ದುದು ಯಾರಿಗೂ ಕಾಣಲಿಲ್ಲ. ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಬಾಟಲಿ ಯಾವಾಗಲೂ ತುಂಬಿತ್ತಲ್ಲ! ಎಂಜಿನ್ ಬಿಸಿಯಾದಾಗ ಹೆಚ್ಚಾದ ನೀರು ಮುಚ್ಚಳದ ಸ್ಪ್ರಿಂಗ್ ದಾಟಿ ಬಾಟಲಿಗೆ ಹೋಗಬೇಕು, ಆರಿದಾಗ ಮುಚ್ಚಳದ ನಡುವಿನ ಸಣ್ಣ ವಾಲ್ವ್ ಮೂಲಕ ವಾಪಸ್ ಎಳೆದುಕೊಳ್ಳಬೇಕು. ಆ ವಾಲ್ವಿನ ರಬ್ಬರ್ ಗಟ್ಟಿಯಾಗಿದ್ದರೆ, ಅಥವಾ ಬಾಟಲಿಗೆ ಹೋಗುವ ತೆಳು ಪೈಪ್ ಬಿರುಕು ಬಿಟ್ಟಿದ್ದರೆ, ನೀರಿನ ಬದಲು ಗಾಳಿ ಎಳೆಯುತ್ತದೆ. ಬಾಟಲಿ ತುಂಬಿದೆ, ರೇಡಿಯೇಟರ್ ಖಾಲಿ. ಬಾಟಲಿ ನೋಡಿ ಸುಮ್ಮನಾಗಬೇಡಿ. ಹದಿನೈದು ದಿನಕ್ಕೊಮ್ಮೆ, ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಬೆಳಗ್ಗೆ ರೇಡಿಯೇಟರ್ ಮುಚ್ಚಳವನ್ನೇ ತೆಗೆದು ನೋಡಿ, ನೀರು ಕತ್ತಿನವರೆಗೆ ಇರಬೇಕು. ಹೊಸ ಮುಚ್ಚಳ ತರುವಾಗ ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಅದರ ಮೇಲೆ ಅಚ್ಚಾಗಿರುವ ಅಂಕಿಯದೇ (0.9, 1.1 ಹೀಗೆ) ಕೇಳಿ. ಹೆಚ್ಚು ಒತ್ತಡದ್ದು ಹಾಕಿದರೆ ಒಳ್ಳೆಯದು ಅಂತ ಯಾರಾದರೂ ಅಂದರೆ ಕೇಳಬೇಡಿ, ಹಳೆ ಹೋಸ್‌ಗಳು ಅಷ್ಟು ತಡೆಯುವುದಿಲ್ಲ.

ಮುಂದಿನದು ಅರಿಶಿನ. ರೇಡಿಯೇಟರ್ ಜಿನುಗಿದರೆ ಒಂದು ಹಿಡಿ ಅರಿಶಿನ ಪುಡಿ ಹಾಕುವುದು ಲಾರಿ ಡ್ರೈವರ್‌ಗಳ ಹಳೆ ಉಪಾಯ. ದಾರಿಯಲ್ಲಿ ಸಿಕ್ಕಿಬಿದ್ದಾಗ ಊರು ಮುಟ್ಟಲು ಅದು ನಿಜಕ್ಕೂ ಸಹಾಯ ಮಾಡುತ್ತದೆ, ಪುಡಿ ಊದಿಕೊಂಡು ತೂತಿಗೆ ಕೂರುತ್ತದೆ. ಆದರೆ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಅಂತ ತಿಳಿಯದು. ಲಾರಿಯ ಅಗಲ ಕೊಳವೆಗಳ ಮಾತು ಬೇರೆ, ಸಣ್ಣ ಕಾರಿನ ಅಲ್ಯೂಮಿನಿಯಂ ರೇಡಿಯೇಟರ್ ಮತ್ತು ಹೀಟರಿನೊಳಗಿನ ಪುಟ್ಟ ರೇಡಿಯೇಟರಾದ ಹೀಟರ್ ಕೋರ್‌ನಲ್ಲಿ ಅದು ಸುಣ್ಣದ ಜೊತೆ ಸೇರಿ ಗಾರೆಯಾಗುತ್ತದೆ. ಆಲ್ಟೋದಲ್ಲಿ ಆದದ್ದು ಇದೇ, ಜಿನುಗು ನಿಂತಿತು, ರೇಡಿಯೇಟರಿನ ತಳಭಾಗವೂ ಕಟ್ಟಿಕೊಂಡಿತು. ಎಂಜಿನ್ ಬಿಸಿಯಾದಾಗ ರೇಡಿಯೇಟರಿನ ತೆಳು ಫಿನ್‌ಗಳ ಮೇಲೆ ಕೈ ಹತ್ತಿರ ಹಿಡಿದರೆ (ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ತೆಗೆದಿರಿ) ಒಂದು ಪಟ್ಟೆ ಬಿಸಿ, ಇನ್ನೊಂದು ಪಟ್ಟೆ ತಣ್ಣಗೆ ಅನ್ನಿಸಿದರೆ ಅಲ್ಲಿ ಹರಿವಿಲ್ಲ. ತಾಮ್ರ-ಹಿತ್ತಾಳೆಯ ಹಳೆ ರೇಡಿಯೇಟರ್ ಆದರೆ ಟ್ಯಾಂಕ್ ಬಿಚ್ಚಿ ಸರಳು ತೂರಿಸಿ ಕ್ಲೀನ್ ಮಾಡುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಮ್ಮದಕ್ಕೆ ಆ ಖರ್ಚು ದಂಡ, ಬದಲಿಸಿ. ಎಂ-ಸೀಲ್ ಮೆತ್ತುವುದೂ ಬೇಡ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತೆಸೆಯುವ ಚಟ ಇನ್ನೊಂದು. 'ನಮ್ಮ ಬಿಸಿಲಿಗೆ ಇದ್ಯಾಕೆ' ಅಂತ ತೆಗೆಯುತ್ತಾರೆ. ತೆಗೆದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್‌ನಲ್ಲಿ ತೇವ ಉಳಿದು ಕೆಸರಾಗುತ್ತದೆ. ಕಟ್ಟಿಕೊಂಡ ರೇಡಿಯೇಟರಿನ ರೋಗವೂ ಸ್ವಲ್ಪ ಕಾಲ ಮುಚ್ಚಿಹೋಗುತ್ತದೆ. ಥರ್ಮೋಸ್ಟಾಟ್ ಕೆಟ್ಟಿದೆಯೋ ಇಲ್ಲವೋ ಅಂತ ಅಡುಗೆಮನೆಯಲ್ಲೇ ನೋಡಬಹುದು: ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಥರ್ಮೋಸ್ಟಾಟ್ ಮೇಲೆ 82 ಅಥವಾ 88 ಎಂದು ಬರೆದಿರುತ್ತದೆ, ಆ ಡಿಗ್ರಿಯ ಹತ್ತಿರ ಬಾಯಿ ಬಿಡಲು ಶುರುವಾಗಬೇಕು, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು, ಆರಿದಾಗ ಮುಚ್ಚಬೇಕು. ಕೂರಿಸುವಾಗ ಸ್ಪ್ರಿಂಗ್ ಇರುವ ಕಡೆ ಎಂಜಿನ್ನಿಗೆ. ಸಣ್ಣ ಗಾಳಿ ತೂತು ಇದ್ದರೆ ಅದು ಮೇಲಕ್ಕೆ.

ಮನೆಯಲ್ಲೇ ಕೂಲೆಂಟ್ ಬದಲಿಸುವುದು ಕಷ್ಟದ ಕೆಲಸವಲ್ಲ, ಆದರೆ ಇಲ್ಲೇ ಹೆಚ್ಚು ಜನ ಎಡವುವುದು. ಎಂಜಿನ್ ಪೂರ್ತಿ ಆರಿರಬೇಕು. ತಳದ ಡ್ರೈನ್ ನಟ್ ಪ್ಲಾಸ್ಟಿಕ್ಕಿನದು, ಹಳೆಯದಾದರೆ ಕೈಯಲ್ಲೇ ಮುರಿಯುತ್ತದೆ. ಬಿಗಿ ಇದ್ದರೆ ಪ್ಲೈಯರ್ ಹಾಕಿ ಹಿಂಡುವುದಕ್ಕಿಂತ ಕೆಳಗಿನ ಹೋಸಿನ ಕ್ಲಿಪ್ ಸರಿಸಿ ಹೋಸನ್ನೇ ಬಿಚ್ಚಿ. ಇಷ್ಟಾದರೂ ಬ್ಲಾಕಿನೊಳಗೆ ಒಂದಷ್ಟು ನೀರು ಉಳಿದೇ ಇರುತ್ತದೆ. ಅದಕ್ಕೇ ಲೆಕ್ಕ ತಪ್ಪುವುದು. ನಲ್ಲಿ ನೀರಿನಲ್ಲಿ ತೊಳೆದು, ಕೊನೆಯ ಎರಡು ಸಲ ಡಿಸ್ಟಿಲ್ಡ್ ವಾಟರ್‌ನಲ್ಲಿ (ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನ್ ಸಿಗುತ್ತದೆ) ತೊಳೆದ ಮೇಲೆ, ಮೊದಲು ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್), ಆಮೇಲೆ ನೀರು. ಮ್ಯಾನುಯಲ್ ಪ್ರಕಾರ ಒಟ್ಟು ನಾಲ್ಕು ಲೀಟರ್ ಹಿಡಿಯುತ್ತದೆ ಅಂದುಕೊಳ್ಳಿ, ಎರಡು ಲೀಟರ್ ಕಾನ್ಸಂಟ್ರೇಟ್ ಸುರಿದು, ಉಳಿದ ಜಾಗ ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿ. ಮೊದಲೇ ಬೆರೆಸಿ ಮಾರುವ ರೆಡಿಮಿಕ್ಸ್ ಕ್ಯಾನಿಗೆ ಮತ್ತೆ ನೀರು ಬೆರೆಸಬೇಡಿ. ಬಣ್ಣ ನೋಡಿ ಕೂಲೆಂಟ್ ಸೇರಿಸುವುದೂ ತಪ್ಪು, ಹಸಿರು, ಕೆಂಪು, ನೀಲಿ ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ. ಹೊಂದದ ಎರಡು ಬಗೆ ಬೆರೆತರೆ ಲೋಳೆಯಂತಾಗಿ ಕೂರುತ್ತದೆ.

ಇನ್ನು ಗಾಳಿ ಬಿಡಿಸುವುದು. ಮುಂದಿನ ಚಕ್ರ ಸ್ವಲ್ಪ ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಗೆ, ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಗುಳ್ಳೆ ಬರುತ್ತಾ ನೀರಿನ ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಅಂತ ಅರ್ಥ, ಆಗ ಮಟ್ಟ ಮತ್ತೆ ಇಳಿಯುತ್ತದೆ. ಕತ್ತಿನವರೆಗೆ ತುಂಬಿ ಮುಚ್ಚಳ ಹಾಕಿ. ಗುಳ್ಳೆ ನಿಲ್ಲುವುದೇ ಇಲ್ಲ, ಎಕ್ಸಲರೇಟರ್ ಒತ್ತಿದರೆ ಬುಳುಬುಳು ಹೆಚ್ಚುತ್ತದೆ ಅಂದರೆ ಅದು ಸಿಕ್ಕಿಕೊಂಡ ಗಾಳಿಯಲ್ಲ, ಗ್ಯಾಸ್ಕೆಟ್ ದಾಟಿ ಬರುತ್ತಿರುವ ಸಿಲಿಂಡರಿನ ಗ್ಯಾಸ್. ಆಯಿಲ್ ಮುಚ್ಚಳದ ಒಳಗೆ ಮಾತ್ರ ಬಿಳಿ ಕೆನೆ ಕಂಡು ಡಿಪ್ ಸ್ಟಿಕ್ ಚೊಕ್ಕಟವಾಗಿದ್ದರೆ ಹೆದರಬೇಡಿ, ಗಾಡಿ ಬರೀ ಮಾರ್ಕೆಟ್ಟಿಗೆ ಹೋಗಿಬಂದು ಮಾಡುತ್ತಿದ್ದರೆ ತೇವ ಹಾಗೆ ಕೂರುತ್ತದೆ. ಡಿಪ್ ಸ್ಟಿಕ್ಕೇ ಕಾಫಿ ಬಣ್ಣವಾದರೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ, ಆ ಆಯಿಲ್ ಬೇರಿಂಗ್ ಉಳಿಸುವುದಿಲ್ಲ.

ಹೆಡ್ ಕೆಲಸವನ್ನು ಮನೆಯಲ್ಲಿ ಮಾಡುವುದು ಬೇಡ ಅನ್ನುವುದೇ ನಮ್ಮ ಅಭಿಪ್ರಾಯ. ಗ್ಯಾರೇಜಿನಲ್ಲಿ ಮಾಡಿಸುವಾಗಲೂ ಪಕ್ಕದಲ್ಲಿ ನಿಂತು ಕೇಳಿ: ಹೆಡ್ ಮೇಲೆ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ಫೀಲರ್ ಗೇಜ್‌ನಲ್ಲಿ ನೋಡಿದಿರಾ? ಈ ಸಣ್ಣ ಸುಜುಕಿ ಎಂಜಿನ್‌ಗಳಲ್ಲಿ ಸಂದು 0.05 ಮಿಲಿಮೀಟರ್ ದಾಟಿದರೆ ಲೇತ್ ಶಾಪಿನಲ್ಲಿ ಫೇಸಿಂಗ್ (ಮೈ ಸಮ ಮಾಡುವುದು) ಆಗಲೇಬೇಕು. ಫೇಸಿಂಗ್ ಮಾಡದೆ ಹೊಸ ಗ್ಯಾಸ್ಕೆಟ್ಟಿಗೆ ಅನಾಬಾಂಡ್ ಅಂಟು ಬಳಿದು ಕೂರಿಸಿದರೆ ಮತ್ತೆ ಅದೇ ಜಾಗದಲ್ಲಿ ಹೋಗುತ್ತದೆ. ಬೋಲ್ಟ್ ತೂತುಗಳಲ್ಲಿ ಆಯಿಲ್, ನೀರು ನಿಂತಿದ್ದರೆ ಬಿಗಿ ಮಾಡುವಾಗ ಬ್ಲಾಕ್ ಬಿರುಕು ಬಿಡಬಹುದು. ಬಿಗಿ ಮಾಡುವುದು ಟಾರ್ಕ್ ರೆಂಚಿನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್), ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ. 'ಕೈ ಅಂದಾಜು ಸಾಕು ಸಾರ್' ಅನ್ನುವವರ ಕೈಗೆ ಹೆಡ್ ಕೊಡಬೇಡಿ.

ದಾರಿಯಲ್ಲೇ ಮುಳ್ಳು ಏರಿದರೆ: ಎಸಿ ಆಫ್, ಹೀಟರ್ ಮತ್ತು ಬ್ಲೋವರ್ ಪೂರ್ತಿ (ಬೆವರು ಸುರಿಯಲಿ ಬಿಡಿ), ಆದಷ್ಟು ಬೇಗ ಎಡಕ್ಕೆ ನಿಲ್ಲಿಸಿ. ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಾದರೆ ಹಜಾರ್ಡ್ ಲೈಟ್ ಹಾಕಿ, ಎಲ್ಲರನ್ನೂ ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಮುಚ್ಚಳ ಮುಟ್ಟಬೇಡಿ. ತೆಗೆದ ಕ್ಷಣ ಒತ್ತಡ ಇಳಿದು ಒಳಗಿನ ನೀರೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಬಿಟ್ಟು, ಮೇಲಿನ ಹೋಸ್ ಬಟ್ಟೆ ಹಿಡಿದು ಒತ್ತಿದರೆ ಮೆತ್ತಗಿರಬೇಕು, ಆಮೇಲೆ ದಪ್ಪ ಬಟ್ಟೆ ಹಾಕಿ ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ ಹಬೆ ಬಿಡಿಸಿ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ನಲ್ಲಿ ನೀರು, ಟೂತ್‌ಪೇಸ್ಟೂ ಬೇಡ, ಇಂಕೂ ಬೇಡ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಒಮ್ಮೆಲೇ ಕುಗ್ಗಿ ಸೊಟ್ಟಾಗಬಹುದು, ಬಿರುಕೂ ಬಿಡಬಹುದು.

ತೆಗೆದ ಹಳೆ ಕೂಲೆಂಟನ್ನು ಚರಂಡಿಗೆ, ಗದ್ದೆ ಕಾಲುವೆಗೆ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ, ದನ ನೆಕ್ಕುತ್ತವೆ, ಸ್ವಲ್ಪವೇ ಸಾಕು ಕಿಡ್ನಿ ಕೆಡಲು. ಕ್ಯಾನಿನಲ್ಲಿ ತುಂಬಿ ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಹೊಸದು ತುಂಬಿದ ದಿನ ಬಾಟಲಿಯ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು, ಮುಂದಿನ ಮೂರು ಬೆಳಗ್ಗೆ ಆರಿದ ಎಂಜಿನ್ನಿನಲ್ಲಿ ಗೆರೆಯನ್ನೂ ರೇಡಿಯೇಟರ್ ಕತ್ತನ್ನೂ ನೋಡಿ. ಮೊದಲ ದಿನ ಸ್ವಲ್ಪ ಇಳಿಯುವುದು ಸಹಜ. ಮೂರನೆಯ ದಿನವೂ ಇಳಿದರೆ ಎಲ್ಲೋ ಜಿನುಗುತ್ತಿದೆ, ವಾಟರ್ ಪಂಪಿನ ಕೆಳಗಿನಿಂದ ಹುಡುಕಲು ಶುರು ಮಾಡಿ.